ಹಿತ್ತಲಿನಲ್ಲಿ ನಿಂತ ದೊಡ್ಡಮ್ಮ

ಯಾವುದನ್ನು ಕಂಡರೂ ಇದು ಮೇಲು, ಇದು ಕೆಳಗೆ ಎಂದು ಸಾಲು ಹಚ್ಚದಿದ್ದರೆ ನನಗೆ ಸಮಾಧಾನವಿಲ್ಲ. ಇದು ಹುಟ್ಟಿದೂರಿನಿಂದ ಬಂದದ್ದು. ಕರ್ಕಿಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಚಹಾದ ಹೊತ್ತಿಗೆ ಸೇರುತ್ತಿದ್ದವರು ಯಕ್ಷಗಾನ ನೋಡಿ ಬಂದ ನಿದ್ದೆಗಣ್ಣಿನಲ್ಲೇ ಯಾರ ವೇಷ ಮೇಲು, ಯಾರಿಗೆ ಮಾತಿದೆ ಹೆಜ್ಜೆಯಿಲ್ಲ, ಯಾರಿಗೆ ಹೆಜ್ಜೆಯಿದೆ ಮಾತಿಲ್ಲ ಎಂದು ಕೂಗಾಡುತ್ತಿದ್ದರು. ಒಮ್ಮೊಮ್ಮೆ ಜಗಳ ಮಾತು ಬಿಡುವ ತನಕ ಹೋಗುತ್ತಿತ್ತು. ಮಾರನೆಯ ಸಂಜೆ ಅವರೇ ಮತ್ತೆ ಬಂದು ಅದೇ ಜಗಲಿಯಲ್ಲಿ ಕೂರುತ್ತಿದ್ದರು. ನಾನು ದೊಡ್ಡವಳಾಗಿ ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದೆ, ಚಟ ಮಾತ್ರ ಹೋಗಲಿಲ್ಲ. ಹೋಟೆಲುಗಳ ಬನ್ಸು, ಹೆದ್ದಾರಿಯ ಬಸ್ಸುಗಳ ಡ್ರೈವರುಗಳು, ಸಹೋದ್ಯೋಗಿಗಳ ಕೈಬರಹ, ಎಲ್ಲಕ್ಕೂ ನನ್ನ ತಲೆಯಲ್ಲಿ ಒಂದೊಂದು ಸಾಲಿದೆ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಆದರೆ ನಾನು ಅತಿ ಹೆಚ್ಚು ಬೆವರು ಸುರಿಸಿ ಹಚ್ಚಿದ ಸಾಲು ಒಂದು ವಿಡಿಯೊ ಗೇಮಿನದು. ಟಿವಿಗೆ ಪೆಟ್ಟಿಗೆ ಜೋಡಿಸಿ ಇಬ್ಬರು ಕೂತು ಆಡುವ ಹೊಡೆದಾಟದ ಆಟ ಅದು. ಪರದೆಯ ಮೇಲೆ ಹೊಡೆದಾಡುವ ಪಾತ್ರಗಳು ಹತ್ತಾರು ಇರುತ್ತವೆ, ನಮಗೆ ಬೇಕಾದ ಒಬ್ಬರನ್ನು ಆರಿಸಿಕೊಳ್ಳಬೇಕು. ಎಲ್ಲ ಪಾತ್ರಗಳ ಬಲ ಒಂದೇ ಅಲ್ಲ. ಒಬ್ಬನ ಕೈ ಉದ್ದ, ಒಬ್ಬಳ ಕಾಲು ಚುರುಕು, ಇನ್ನೊಬ್ಬ ನೋಡಲು ಬೆಟ್ಟದಂತಿದ್ದರೂ ಎರಡು ಏಟಿಗೆ ಅಡ್ಡ ಬೀಳುತ್ತಾನೆ. ಹಾಗಾಗಿ ಈ ಆಟ ಆಡುವವರು ಪ್ರಪಂಚದ ತುಂಬ ಯಾರು ಬಲಿಷ್ಠ, ಯಾರು ದುರ್ಬಲ ಎಂದು ಟಿಯರ್ ಲಿಸ್ಟ್ ಎಂಬ ದರ್ಜೆಪಟ್ಟಿ ಮಾಡಿ ಅಂತರ್ಜಾಲದಲ್ಲಿ ಜಗಳವಾಡುತ್ತಾರೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಜಗಲಿಯ ಜನರೇ ವೇಷ ಮರೆಸಿಕೊಂಡು ಬಂದಂತೆ ಅನಿಸಿತು.

ಆಡುತ್ತಿದ್ದವರು ನಾವು ಮೂವರು ಹೆಂಗಸರು. ಕುಮಟೆಯಲ್ಲಿ ಬಿ.ಎಡ್. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ನಾನು ಹೊನ್ನಾವರದವಳಾದೆ. ಒಬ್ಬಳು ಕುಮಟೆಯಲ್ಲೇ ಉಳಿದು ವಿಜ್ಞಾನ ಕಲಿಸುತ್ತಾಳೆ. ಅವಳ ಮನೆಮಾತು ಕೊಂಕಣಿ, ಬಾಯಿ ಸ್ವಲ್ಪ ಜೋರು. ಇನ್ನೊಬ್ಬಳು ಭಟ್ಕಳದವಳು, ಹೆಬಳೆಯ ಕಡೆಗೆ ಹೋಗುವ ದಾರಿಯಲ್ಲಿ ಅವಳ ಮನೆ. ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮನೆಯಲ್ಲಿ ಅವರದು ನವಾಯತಿ, ನಮ್ಮೊಡನೆ ಕನ್ನಡ. ಅವಳ ಗಂಡ, ಅಣ್ಣ ಇಬ್ಬರೂ ದುಬೈಯಲ್ಲಿ. ಮನೆಯಲ್ಲಿ ಅವಳು, ಅವಳ ಅಮ್ಮ, ಇಬ್ಬರು ಮಕ್ಕಳು. ಆಟದ ಪೆಟ್ಟಿಗೆಯನ್ನು ಅಣ್ಣ ರಜೆಗೆ ಬಂದಾಗ ಮಕ್ಕಳಿಗೆಂದು ತಂದಿದ್ದ. ಮಕ್ಕಳು ಮೊಬೈಲಿಗೆ ಅಂಟಿಕೊಂಡರು, ಪೆಟ್ಟಿಗೆ ನಮ್ಮ ಪಾಲಿಗೆ ಬಂತು.

ಹೀಗೆ ಭಾನುವಾರಗಳು ಶುರುವಾದವು. ಕುಮಟೆಯವಳು ಬೆಳಿಗ್ಗೆ ಬಸ್ಸು ಹತ್ತಿ ಪಕ್ಕದ ಸೀಟಿನಲ್ಲಿ ತನ್ನ ವ್ಯಾನಿಟಿ ಬ್ಯಾಗು ಇಟ್ಟು ಜನರ ಬೈಗುಳ ತಿನ್ನುತ್ತ ಹೊನ್ನಾವರದವರೆಗೆ ಜಾಗ ಕಾಯುತ್ತಿದ್ದಳು. ನಾನು ಹತ್ತಿದ ಮೇಲೆ ಭಟ್ಕಳದ ತನಕ ಇಬ್ಬರಿಗೂ ಅದೇ ಮಾತು. ಎದುರು ಸೀಟಿನ ಅಜ್ಜನೊಬ್ಬ ಒಮ್ಮೆ ತಿರುಗಿ, ನಾವು ಯಾರನ್ನು ಕೆಳಗೆ ಕೆಡವಿ ಒದೆಯಬೇಕೆಂದು ಮಾತಾಡುತ್ತಿದ್ದೇವೆ ಎಂದು ಕೇಳಿದ. ಕುಮಟೆಯವಳು ಗಂಭೀರವಾಗಿ, "ಇವಳ ಹೆಡ್ ಮಾಸ್ತರ್ರನ್ನ" ಎಂದಳು. ಅಜ್ಜ ಭಟ್ಕಳ ಬರುವ ತನಕ ಮತ್ತೆ ತಿರುಗಲಿಲ್ಲ.

ಕರ್ಕಿಯಲ್ಲಿರುವ ನನ್ನ ಅಮ್ಮನಿಗೆ ಇದು ಅರ್ಥವಾಗುತ್ತಿರಲಿಲ್ಲ. "ಅಷ್ಟ್ ದೂರ ಹೋಗಿ ಹೊಡ್ದಾಡವನೆ ಕೂಸೆ? ಇಲ್ಲೇ ಅಪ್ಪನ ಸಂಗ್ತಿಗೆ ಹೊಡ್ದಾಡಲಾಗ್ತಿಲ್ಯ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಅಪ್ಪನೊಡನೆ ಅವಳೇ ಸಾಕಷ್ಟು ಹೊಡೆದಾಡುತ್ತಾಳೆ ಎಂದು ನಾನು ಹೇಳಲಿಲ್ಲ.

ಭಟ್ಕಳದ ಆ ಮನೆಯ ಆದರದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಾವು ಚಪ್ಪಲಿ ಕಳಚುವುದರೊಳಗೆ ಶರಬತ್ತು ಬರುತ್ತಿತ್ತು. ಅವಳ ಅಮ್ಮ "ಬಾ ಮಗಾ, ಕೂಕೊ" ಎಂದು ಫ್ಯಾನಿನ ಕೆಳಗಿನ ಜಾಗ ತೋರಿಸುತ್ತಿದ್ದರು. ನಾನು ಮೀನು ಮಾಂಸ ತಿನ್ನುವವಳಲ್ಲ ಎಂದು ನನಗಾಗಿಯೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದರು. ಅದರಲ್ಲಿ ತೆಂಗಿನಹಾಲು ಹಾಕಿದ ಶಾವಿಗೆ, ತರಕಾರಿ ಅನ್ನ, ಯಾವುದನ್ನು ಮುಗಿಸಿದರೂ ಇನ್ನೊಂದು ಸೌಟು ಬೀಳುತ್ತಿತ್ತು. ಊಟವಾದ ಮೇಲೆ ಗೆಳತಿ ಗಾಜಿನ ಕಪಾಟು ತೆಗೆದು ಆಟದ ರಿಮೋಟುಗಳನ್ನು ತರುತ್ತಿದ್ದಳು. ಅಂಗಡಿಯವರು ಅದನ್ನು ಕಂಟ್ರೋಲರ್ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ರಿಮೋಟು. ಪ್ಲಾಸ್ಟಿಕ್ ಚೀಲದಿಂದ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನಮ್ಮಿಬ್ಬರ ಕೈಗೆ ಒಂದೊಂದು ಕೊಡುತ್ತಿದ್ದಳು. ತನ್ನದನ್ನು ಟಿವಿಯ ಹಿಂದಿನಿಂದ ತೆಗೆದುಕೊಳ್ಳುತ್ತಿದ್ದಳು. ನಾವು ಕೊಟ್ಟದ್ದನ್ನು ಹಿಡಿದುಕೊಳ್ಳುತ್ತಿದ್ದೆವು, ಅಷ್ಟೆ.

ಆಟದ ಪಾತ್ರಗಳ ಪರದೇಶಿ ಹೆಸರುಗಳು ನಮ್ಮ ನಾಲಿಗೆಗೆ ಹತ್ತಲಿಲ್ಲ. ನಾವೇ ಹೆಸರಿಟ್ಟೆವು. ಎರಡೂ ತೋಳು ಗರಗರ ತಿರುಗಿಸುತ್ತ ಮೈಮೇಲೆ ಬರುವವನು ಗಿರಣಿ. ದೂರದಲ್ಲೇ ನಿಂತು ಚೀಲದಿಂದ ಏನೇನೋ ತೆಗೆದೆಸೆಯುವವನು ಪೋಸ್ಟ್‌ಮನ್. ತಲೆ ತಗ್ಗಿಸಿ ನಿಂತು ಎಲ್ಲರ ಪೆಟ್ಟು ತಿಂದು ಕೊನೆಗೆ ಒಂದೇ ಏಟಿಗೆ ಲೆಕ್ಕ ಚುಕ್ತಾ ಮಾಡುವವಳು ಸೊಸೆ. ಕುಮಟೆಯವಳು ಸೊಸೆಯನ್ನು ಆಡುತ್ತಿದ್ದಳು, ನಾನು ಗಿರಣಿಯನ್ನು. ಭಟ್ಕಳದವಳಿಗೆ ಮೊದಲ ದಿನದಿಂದ ಒಬ್ಬಳೇ ಇಷ್ಟ. ದಪ್ಪನೆಯ ಮೈ, ಉದ್ದ ಲಂಗ, ಕಟ್ಟಿದ ತುರುಬು. ಓಡುವುದಿಲ್ಲ, ಹಾರುವುದಿಲ್ಲ, ನಿಂತಲ್ಲೇ ನಿಂತು ಎದುರಿನವರು ಹತ್ತಿರ ಬಂದಾಗ ಒಂದು ಒದೆ ಕೊಡುತ್ತಾಳೆ. ಅವಳಿಗೆ ದೊಡ್ಡಮ್ಮ ಎಂದು ಹೆಸರಾಯಿತು.

"ಇವಳನ್ನ ನೋಡಿದ್ರೆ ಮನೆಯವಳ ಹಾಗೆ ಕಾಣ್ತದೆ" ಎಂದಳು ಗೆಳತಿ. "ಯಾರ ಮನೆಗೂ ಹೋಗಿ ಹೊಡಿಯುದಿಲ್ಲ. ಬಂದವರಿಗೆ ಮಾತ್ರ ಕೊಡ್ತಾಳೆ."

ಟಿಯರ್ ಲಿಸ್ಟನ್ನು ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅವರ ಟಿವಿಯ ಪಕ್ಕದ ಗೋಡೆಗೆ ಅಂಟಿಸಿದೆ. ಜಗತ್ತಿನವರು ಇಂಗ್ಲಿಷ್ ಅಕ್ಷರಗಳಲ್ಲಿ ದರ್ಜೆ ಮಾಡುತ್ತಾರೆ. ನಾನು ಮನೆಯ ಲೆಕ್ಕದಲ್ಲಿ ಮಾಡಿದೆ: ಎಲ್ಲಕ್ಕಿಂತ ಮೇಲೆ ಮಾಳಿಗೆ, ಆಮೇಲೆ ಜಗಲಿ, ಆಮೇಲೆ ಅಂಗಳ, ಕೊನೆಗೆ ಹಿತ್ತಲು. ನಮ್ಮ ಪಂದ್ಯಗಳ ಸೋಲು ಗೆಲುವು ನೋಡಿ ಪಾತ್ರಗಳನ್ನು ಏರಿಸುತ್ತ ಇಳಿಸುತ್ತ ಇದ್ದೆ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿ ಆ ಕಾಗದ ಅಲ್ಲಲ್ಲಿ ತೂತು ಬಿದ್ದಿತ್ತು. ಗಿರಣಿ ಮತ್ತು ಸೊಸೆ ಮಾಳಿಗೆಯಲ್ಲಿ ಕಾಲು ಚಾಚಿ ಕೂತಿದ್ದರು. ದೊಡ್ಡಮ್ಮ ಶುರುವಿನಲ್ಲಿ ಜಗಲಿಯಲ್ಲಿದ್ದಳು. ಒಂದು ಮಳೆಗಾಲ ಕಳೆಯುವುದರೊಳಗೆ ಅಂಗಳಕ್ಕಿಳಿದಳು, ಚಳಿ ಬರುವ ಹೊತ್ತಿಗೆ ಹಿತ್ತಲಿನಲ್ಲಿದ್ದಳು. ಹಿತ್ತಲಿನಲ್ಲಿ ಅವಳು ಒಬ್ಬಳೇ.

ಅಂತರ್ಜಾಲದ ಪಟ್ಟಿಗಳಲ್ಲಿ ಈ ದೊಡ್ಡಮ್ಮ ಸಾಕಷ್ಟು ಮೇಲೆ ಇದ್ದಳು. ಗೆಳತಿ ಒಮ್ಮೆ ಮೊಬೈಲಿನಲ್ಲಿ ಅದನ್ನು ತೋರಿಸಿದಳು. ನಾನು ಕೇಳುವವಳೇ?

"ಅವರು ಎಲ್ಲೋ ಕೂತು ಬರೀತಾರೆ. ಇದು ನಾವು ಕಣ್ಣಾರೆ ಕಂಡದ್ದು" ಎಂದೆ. ಗಣಿತದವಳ ಮಾತಿಗೆ ಎದುರಾಡಲು ಇಂಗ್ಲಿಷಿನವಳಿಗೆ ಧೈರ್ಯ ಬರಲಿಲ್ಲ.

ವಿಚಿತ್ರವೆಂದರೆ ದೊಡ್ಡಮ್ಮ ಮಾತ್ರವಲ್ಲ, ಆ ಗೆಳತಿ ಮುಟ್ಟಿದ ಪಾತ್ರಗಳೆಲ್ಲ ಇಳಿಯುತ್ತಿದ್ದವು. ಬೇಸರಕ್ಕೆ ಪೋಸ್ಟ್‌ಮನ್ನನ್ನು ಹಿಡಿದಳು, ಅವನು ಜಗಲಿಯಿಂದ ಅಂಗಳಕ್ಕೆ ಬಂದ. ಒಂದು ದಿನ ನನ್ನ ಗಿರಣಿಯನ್ನೇ ಅವಳಿಗೆ ಕೊಟ್ಟೆ, ಗಿರಣಿ ಕರೆಂಟ್ ಹೋದ ಹಾಗೆ ನಿಂತುಬಿಟ್ಟ. "ನಿನ್ನ ಕೈಗುಣ ಸರಿ ಇಲ್ಲ ಮಾರಾಯ್ತಿ" ಎಂದು ಕುಮಟೆಯವಳು ನಕ್ಕಳು, ನಾನೂ ನಕ್ಕೆ. ಅವಳೂ ನಕ್ಕಳು. ಎದ್ದು ಹೋಗಿ ನಮಗೆ ಹಣ್ಣು ಹೆಚ್ಚಿ ತಂದಳು. ಅವಳ ದೊಡ್ಡಮ್ಮನನ್ನು ನಾವಿಬ್ಬರೂ ಆಡಿ ನೋಡಲಿಲ್ಲ. ಒಬ್ಬರ ಪಾತ್ರಕ್ಕೆ ಇನ್ನೊಬ್ಬರು ಕೈ ಹಾಕುವುದು ಚೆನ್ನಲ್ಲ ಎಂಬುದು ಒಂದು, ಹಿತ್ತಲಲ್ಲಿರುವವಳನ್ನು ಕರೆದು ಏನು ಮಾಡುವುದು ಎಂಬುದು ಇನ್ನೊಂದು.

ಹೀಗೇ ಎರಡು ವರ್ಷ ಕಳೆದ ಮೇಲೆ, ದೀಪಾವಳಿ ರಜೆಯ ಮುಂಚೆ ಕುಮಟೆಯವಳು ಒಂದು ಸುದ್ದಿ ತಂದಳು. ಅವರೂರಿನ ಟಿವಿ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ ಇದೇ ಆಟದ ಪಂದ್ಯವಂತೆ. ತಂಡಕ್ಕೆ ಮೂವರು, ಮೂವರಲ್ಲಿ ಇಬ್ಬರು ಗೆದ್ದರೆ ತಂಡ ಗೆದ್ದಂತೆ. ನಾವು ಮೂವರಿದ್ದೆವು. ಅವಳು ನಮ್ಮನ್ನು ಕೇಳದೆಯೇ ಹೆಸರು ಕೊಟ್ಟು ಬಂದಿದ್ದಳು.

ಭಟ್ಕಳದವಳು ರಿಮೋಟು ಕೆಳಗಿಟ್ಟಳು. ಸ್ವಲ್ಪ ಹೊತ್ತು ಗೋಡೆಯ ಕಾಗದ ನೋಡಿದಳು.

"ಹೆಸರು ಕೊಟ್ಟಾಗಿದೆ ಅಂದ್ರೆ ಬರ್ತೇನೆ" ಎಂದಳು. "ಆದ್ರೆ ಅದೇ ಕೊನೆ. ಆಮೇಲೆ ನಾನು ಆಡುದಿಲ್ಲ. ನೀವು ಬನ್ನಿ, ಆಡಿ, ನಾನು ನೋಡ್ತಾ ಕೂತ್ಕೊಳ್ತೇನೆ."

"ಎಂತಕ್ಕೆ?" ಎಂದೆ.

"ಸಾಕಾತು. ಎಷ್ಟು ಆಡಿದ್ರೂ ನನ್ನ ಕೈಗೆ ಬರುದಿಲ್ಲ. ನೀವಿಬ್ರೂ ನನ್ನ ಸಂಗಡ ಆಡುವಾಗ ನಿಮಗೆ ಬೇಜಾರು ಬರ್ತದೆ, ನಂಗೆ ಗೊತ್ತಾಗ್ತದೆ."

ಬೇಜಾರು ಬರುವುದಿಲ್ಲ ಎಂದು ನಾವು ಇಬ್ಬರೂ ಒಟ್ಟಿಗೆ ಹೇಳಿದೆವು. ಒಟ್ಟಿಗೆ ಹೇಳಿದ್ದರಿಂದ ಅದು ಸುಳ್ಳಿನ ಹಾಗೆ ಕೇಳಿತು. ಅವಳು ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿ ಸರಿಮಾಡಬಹುದಿತ್ತು. ಅವಳು ನಗುತ್ತ ಹೇಳಿದಳು, ಹೇಳಿ ಶಾವಿಗೆ ಬಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಒಬ್ಬಳು ಆಡದೆ ನೋಡುತ್ತ ಕೂರುವ ಮನೆಗೆ ಹೋಗಿ ಇಬ್ಬರು ಆಡುವುದು ಎಷ್ಟು ವಾರ ನಡೆದೀತು? ಭಾನುವಾರಗಳೇ ನಿಂತುಹೋಗುತ್ತವೆ ಎಂದು ನನಗೆ ಹೆದರಿಕೆಯಾಯಿತು. ಹೆದರಿದಾಗ ನಾನು ಹುಕುಂ ಮಾಡುವವಳು. ಮನೆ ಮುಟ್ಟಿದ ಕೂಡಲೇ ಅವಳಿಗೆ ಫೋನು ಮಾಡಿ, ಕುಮಟೆಯಲ್ಲಿ ದೊಡ್ಡಮ್ಮ ಬೇಡ, ನೀನು ಸೊಸೆಯನ್ನು ತೆಗೆದುಕೊ, ಕುಮಟೆಯವಳಿಗೆ ಪೋಸ್ಟ್‌ಮನ್ ಸಾಕು ಎಂದೆ. ಒಂದು ಪಂದ್ಯವಾದರೂ ಗೆದ್ದರೆ ಅವಳ ಮನಸ್ಸು ತಿರುಗೀತು ಎಂಬ ಆಸೆ.

"ಅಡ್ಡಿಲ್ಲ" ಎಂದಳು ಅವಳು.

ಪಂದ್ಯದ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜು ಹುಡುಗರು, ಅವರ ಬೈಕಿನ ಕೀಲಿಗಳು, ಕುರುಕಲು ತಿಂಡಿಯ ವಾಸನೆ. ನಾವು ಮೂವರು ಒಳಗೆ ಹೋದಾಗ ಅಲ್ಲಿದ್ದ ಹುಡುಗನೊಬ್ಬ ಎದ್ದು ಕುರ್ಚಿ ಬಿಟ್ಟುಕೊಟ್ಟು, "ಮಕ್ಕಳನ್ನ ಕರ್ಕೊಂಡು ಬಂದ್ರಾ ಟೀಚರ್?" ಎಂದ. ಅವನು ಕುಮಟೆಯವಳ ಹಳೆಯ ವಿದ್ಯಾರ್ಥಿ. "ನಿನ್ನ ಸೋಲಿಸುಕೆ ಬಂದದ್ದು, ಕೂಕೊ" ಎಂದಳು ಅವಳು. ಹಾಲಿಗೆ ಹಾಲೇ ನಕ್ಕಿತು. ಭಟ್ಕಳದವಳು ಮಾತ್ರ ಬುರ್ಖಾದ ತೋಳು ಸರಿಮಾಡಿಕೊಳ್ಳುತ್ತ ಮೂಲೆಯಲ್ಲಿ ನಿಂತಿದ್ದಳು.

ನಮ್ಮ ಮೊದಲ ಎದುರಾಳಿ ಅದೇ ಹುಡುಗನ ತಂಡ. ಅವನ ಮೇಲೆ ಕುಮಟೆಯವಳು ಪೋಸ್ಟ್‌ಮನ್ನನ್ನು ಕಟ್ಟಿಕೊಂಡು ಕೂಗುತ್ತ ಬೈಯುತ್ತ ಹೇಗೋ ಗೆದ್ದಳು. ಎರಡನೆಯದು ನನ್ನದು. ನನ್ನ ಮಾಳಿಗೆಯ ಗಿರಣಿಯನ್ನು, ನಾನು ಅಂಗಳದಲ್ಲಿ ಬಿಟ್ಟಿದ್ದ ಒಬ್ಬ ಕುಂಟ ಕುದುರೆ ಸವಾರ ಬಂದು ಧೂಳು ಮಾಡಿಬಿಟ್ಟ. ಆಡಿದವಳು ಇನ್ನೂ ಪಿಯುಸಿ ಓದುವ ಹುಡುಗಿ. ಎದ್ದು ಬರುವಾಗ ನನ್ನ ಸಾಲಿನ ಬಗ್ಗೆ ಮೊದಲ ಅನುಮಾನ ಬಂತು. ಯೋಚಿಸಲು ಸಮಯವಿರಲಿಲ್ಲ. ಒಂದು ಗೆಲುವು, ಒಂದು ಸೋಲು, ಉಳಿದದ್ದು ಭಟ್ಕಳದವಳ ಪಂದ್ಯ.

ಅವಳು ಹೋಗಿ ಕೂತಳು. ಮೇಜಿನ ಮೇಲೆ ಎರಡು ರಿಮೋಟುಗಳಿದ್ದವು. ಎದುರಾಳಿ ಹುಡುಗನ ಕಡೆಗೆ ಎರಡನ್ನೂ ಸರಿಸಿ, "ಯಾವುದು ಬೇಕು ತಕೊಳ್ಳಿ" ಎಂದಳು. ಹುಡುಗ ಒಂದನ್ನು ಎತ್ತಿಕೊಂಡ. ಆಮೇಲೆ ಪಾತ್ರ ಆರಿಸುವ ಹೊತ್ತು. ನಾನು ಹಿಂದಿನಿಂದ "ಸೊಸೆ, ಸೊಸೆ" ಎಂದು ಪಿಸುಗುಟ್ಟಿದೆ. ಪರದೆಯ ಮೇಲೆ ಗುರುತು ಸೊಸೆಯ ಮೇಲೆ ಬಂದು ನಿಂತಿತು, ಅಲ್ಲಿಂದ ಮುಂದೆ ಸರಿದು ದೊಡ್ಡಮ್ಮನ ಮೇಲೆ ಕೂತಿತು. ಅವಳು ತಿರುಗಿ ನನ್ನನ್ನು ನೋಡಿದಳು.

"ಕೊನೇ ಸಲ ಅಲ್ದಾ" ಎಂದಳು. "ನನ್ನವಳ ಸಂಗಡವೇ ಆಡ್ತೇನೆ."

ಮೊದಲ ಸುತ್ತಿನಲ್ಲಿ ದೊಡ್ಡಮ್ಮನಿಗೆ ಹುಚ್ಚು ಹಿಡಿದ ಹಾಗಿತ್ತು. ಎದುರಾಳಿ ಇನ್ನೂ ದೂರದಲ್ಲಿರುವಾಗಲೇ ಗಾಳಿಗೆ ಒದೆಯುತ್ತಿದ್ದಳು. ಒದ್ದ ಕಾಲು ಕೆಳಗಿಳಿಯುವಷ್ಟರಲ್ಲಿ ಅವನು ಬಂದು ಹೊಡೆದು ಹೋಗುತ್ತಿದ್ದ. ಸುತ್ತು ಸೋತಳು. ಹುಡುಗರು ನಗಲಿಲ್ಲ, ಟೀಚರ್ ಎಂಬ ಮರ್ಯಾದೆಗೆ. ಗೆಳತಿ ರಿಮೋಟನ್ನು ಮುಖದ ಹತ್ತಿರ ಹಿಡಿದು ಅದರ ಗುಂಡಿಯನ್ನೇ ನೋಡುತ್ತಿದ್ದಳು. ಒಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಅವಳ ಮುಖದಲ್ಲಿ ಬಂದದ್ದು ಏನೆಂದು ಆಗ ನನಗೆ ಗೊತ್ತಾಗಲಿಲ್ಲ.

ಎರಡನೆಯ ಸುತ್ತು. ಎದುರಾಳಿ ಓಡಿ ಬಂದು ಹಾರಿದ. ದೊಡ್ಡಮ್ಮ ಅಲುಗಲಿಲ್ಲ. ಅವನು ಇನ್ನೇನು ಮೈಮೇಲೆ ಬೀಳಬೇಕು, ಆಗ ಒದ್ದಳು. ಅವನು ಪರದೆಯ ಆ ಕೊನೆಗೆ ಹೋಗಿ ಬಿದ್ದ. ಎದ್ದು ಬಂದ, ಮತ್ತೆ ಬಿದ್ದ. ಈ ಕಡೆಯಿಂದ ಹಾರಿ ನೋಡಿದ, ಆ ಕಡೆಯಿಂದ ಜಾರಿ ನೋಡಿದ, ಬಗ್ಗಿ ನೋಡಿದ. ಎಲ್ಲಿಂದ ಬಂದರೂ ದೊಡ್ಡಮ್ಮನ ಕಾಲು ಅವನಿಗಿಂತ ಮುಂಚೆ ಅಲ್ಲಿರುತ್ತಿತ್ತು. ಅವನು ಏನು ಮಾಡುವವನಿದ್ದಾನೆ ಎಂದು ಅವನಿಗೇ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಗುತ್ತಿದ್ದಂತಿತ್ತು. ಮೂರನೆಯ ಸುತ್ತಿನಲ್ಲಿ ಹುಡುಗ ಹತ್ತಿರ ಬರುವುದನ್ನೇ ಬಿಟ್ಟು ಮೂಲೆಯಲ್ಲಿ ನಿಂತ. ದೊಡ್ಡಮ್ಮ ನಿಧಾನವಾಗಿ ನಡೆದು ಅವನಿದ್ದಲ್ಲಿಗೇ ಹೋದಳು. ಅವಳು ನಡೆದುಹೋಗಿ ಒದೆಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಕುಮಟೆಯವಳು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಳು. ನಾನು ಯಾರದೋ ಹೆಗಲು ಹಿಡಿದು ಅಲುಗಾಡಿಸುತ್ತಿದ್ದೆ, ಆಮೇಲೆ ನೋಡಿದರೆ ನನ್ನನ್ನು ಸೋಲಿಸಿದ ಹುಡುಗಿಯ ಹೆಗಲು. ಅವಳೂ ಕುಣಿಯುತ್ತಿದ್ದಳು.

ನಮ್ಮ ತಂಡ ಮುಂದಿನ ಹಂತಕ್ಕೆ ಹೋಯಿತು. ಅಲ್ಲೂ ಗೆದ್ದೆವು, ಅದಕ್ಕೂ ಮುಂದಿನದರಲ್ಲಿ ಸೋತೆವು. ಸೋತದ್ದು ನಾನು ಮತ್ತು ಕುಮಟೆಯವಳು. ಭಟ್ಕಳದವಳು ಆಡಿದ್ದನ್ನೆಲ್ಲ ಗೆದ್ದಳು. ಕೊನೆಕೊನೆಗೆ ಹುಡುಗರು ಮೊಬೈಲು ಹಿಡಿದು ಅವಳ ಕೈಬೆರಳುಗಳ ವಿಡಿಯೊ ಮಾಡಿಕೊಳ್ಳುತ್ತಿದ್ದರು. ಅಂಗಡಿಯ ಯಜಮಾನರು ಬಂದು, ನೀವು ಎಷ್ಟು ಹೊತ್ತು ಅಭ್ಯಾಸ ಮಾಡುತ್ತೀರಿ ಎಂದು ಕೇಳಿದರು. "ನಾನು ಯಾವಾಗ್ಲೂ ಸೋಲುದು" ಎಂದಳು ಅವಳು. ಅವರು ಅದನ್ನು ವಿನಯ ಎಂದುಕೊಂಡರು.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಚಹಾ ಹೇಳಿದ ಮೇಲೆ ಕುಮಟೆಯವಳು ವಿಚಾರಣೆ ಶುರುಮಾಡಿದಳು.

"ಈಗ ಹೇಳು. ಎಂತ ಮಾಡಿದೆ ನೀನು?"

"ಎಂತ ಮಾಡಿಲ್ಲ. ಇಲ್ಲಿ ಗುಂಡಿ ಒತ್ತಿದ ಕೂಡ್ಲೇ ಒದಿತಾಳೆ."

"ಮತ್ತೆ ಮನೇಲಿ?"

"ಮನೇಲಿ ಸ್ವಲ್ಪ ಮುಂಚೆ ಒತ್ಬೇಕಲ್ಲ. ಎರಡು ಮೂರು ಸಲ ಒತ್ತಿದ್ರೆ ಒಂದ್ಸಲ ಒದಿತಾಳೆ. ಅವ ಹಾರುಕೆ ಯೋಚನೆ ಮಾಡುವಾಗ್ಲೇ ನಾನು ಒತ್ತುಕೆ ಶುರು ಮಾಡ್ತೇನೆ." ನಮ್ಮ ಮುಖ ನೋಡಿ ಅವಳು ತಡೆದಳು. "ನಿಮ್ಮದೂ ಹಾಗೇ ಅಲ್ದಾ?"

ನಮ್ಮದು ಹಾಗಿರಲಿಲ್ಲ. ನಮ್ಮದು ಒತ್ತಿದ ಕೂಡಲೇ ಒದೆಯುತ್ತಿತ್ತು. ನಾನು ಚಹಾ ಲೋಟ ಕೆಳಗಿಟ್ಟೆ.

"ನೀನು ಯಾವ ರಿಮೋಟಲ್ಲಿ ಆಡುದು?" ಎಂದೆ.

"ಹಳೇದು. ಪೆಟ್ಟಿಗೆ ಸಂಗಡ ಬಂದದ್ದು. ಮಕ್ಕಳು ಕೆಳಗೆ ಹಾಕಿ, ಉಪ್ಪುಗಾಳಿ ಹೊಡೆದು..."

"ಕಪಾಟಿನಲ್ಲಿರುವ ಹೊಸತು?"

"ಅದು ನೆಂಟರದ್ದು. ನೀವು ಬರ್ತೀರಿ ಅಂತ ಅಣ್ಣನ ಹತ್ರ ತರಿಸಿದ್ದು."

"ನಾವು ಇಲ್ಲದಾಗ ಆಡುವಾಗ?"

"ನೆಂಟರದ್ದನ್ನ ನಾನು ಎಂತಕ್ಕೆ ತೆಗೀಲಿ?" ಎಂದಳು, ನಾನೇನೋ ಕೇಳಬಾರದ್ದನ್ನು ಕೇಳಿದ ಹಾಗೆ.

ನನಗೆ ನಗು ಎಲ್ಲಿಂದ ಬಂತೋ, ಬೆಂಚಿನ ಮೇಲೆ ಮಲಗುವಷ್ಟು ನಕ್ಕೆ. ಕುಮಟೆಯವಳು ಕಣ್ಣೊರೆಸಿಕೊಂಡಳು. ಎರಡು ವರ್ಷಕ್ಕೂ ಮಿಕ್ಕಿ ನಾನು ಪೆನ್ಸಿಲು ಮಸೆದು, ಕಾಗದ ತೂತು ಮಾಡಿ, ಅಂತರ್ಜಾಲದವರನ್ನೆಲ್ಲ ಮೂರ್ಖರೆಂದು ತಳ್ಳಿಹಾಕಿ ಹಚ್ಚಿದ ಸಾಲು ಪಾತ್ರಗಳ ಬಲದ್ದಾಗಿರಲಿಲ್ಲ. ಯಾರಿಗೆ ಒಳ್ಳೆಯ ರಿಮೋಟು ಸಿಕ್ಕಿತು, ಯಾರಿಗೆ ಕೆಟ್ಟದ್ದು ಸಿಕ್ಕಿತು ಎಂಬುದರ ಸಾಲು ಅದು. ದೊಡ್ಡಮ್ಮನನ್ನು ಹಿತ್ತಲಿಗೆ ತಳ್ಳಿದ್ದು ಆ ಮನೆಯ ಆದರ. ಕೆಟ್ಟ ಗುಂಡಿಯೊಡನೆ ಹೆಣಗಿ ಹೆಣಗಿ ಎದುರಾಳಿಯ ಮನಸ್ಸನ್ನು ಮುಂಚಿತವಾಗಿ ಓದುವುದನ್ನು ಇವಳು ಕಲಿತಿದ್ದಳು, ನಾವು ಒಳ್ಳೆಯ ಗುಂಡಿ ಹಿಡಿದು ಏನನ್ನೂ ಕಲಿತಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು, ನಿನ್ನ ಕೈಗುಣಕ್ಕೆ ಏನೂ ಆಗಿಲ್ಲ ಮಾರಾಯ್ತಿ, ನೀನು ನಮ್ಮಿಬ್ಬರಿಗಿಂತ ಎಷ್ಟೋ ಮೇಲು ಎಂದೆ. ಅವಳಿಗೆ ಖುಷಿಯಾಯಿತು. ಮುಖ ಮುಚ್ಚಿಕೊಂಡು ನಕ್ಕಳು.

"ಹಾಗಾದ್ರೆ ಆಟ ಬಿಡುದಿಲ್ಲ ಅಲ್ದಾ?" ಎಂದಳು ಕುಮಟೆಯವಳು.

ಭಟ್ಕಳದವಳು "ನೋಡ್ವ" ಎಂದಳು.

ಆ 'ನೋಡ್ವ' ಏನೆಂದು ಮುಂದಿನ ಭಾನುವಾರ ತಿಳಿಯಿತು. ಶರಬತ್ತು ಕುಡಿದೆವು, ಶಾವಿಗೆ ತಿಂದೆವು. ಕಪಾಟು ತೆರೆಯಿತು, ಹೊಸ ರಿಮೋಟುಗಳು ಒರೆಸಿಕೊಂಡು ನಮ್ಮ ಕೈಗೆ ಬಂದವು. ಅವಳು ಟಿವಿಯ ಹಿಂದಕ್ಕೆ ಕೈಹಾಕಿ ಹಳೆಯದನ್ನು ತೆಗೆದಳು.

"ಅದನ್ನ ಅಲ್ಲೇ ಇಡು" ಎಂದೆ. "ಇದನ್ನ ತಕೊ. ನಾನು ಹಳೇದರಲ್ಲಿ ಆಡ್ತೇನೆ."

"ಅದೆಲ್ಲ ಬೇಡ. ನಂಗೆ ಇದೇ ಸಾಕು."

"ಅದರಲ್ಲಿ ಆಡಿದ್ರೆ ನೀನು ಮತ್ತೆ ಸೋಲ್ತೆ, ಮತ್ತೆ ಬಿಡ್ತೇನೆ ಹೇಳ್ತೆ."

"ಸೋತ್ರೆ ಬಿಡ್ತೇನೆ. ಮನೆಗೆ ಬಂದವರ ಕೈಯಿಂದ ಒಳ್ಳೇದನ್ನ ಕಸ್ಕೊಂಡು ಕೆಟ್ಟದ್ದು ಕೊಡುಕೆ ನನ್ನಿಂದ ಆಗುದಿಲ್ಲ" ಎಂದಳು. ಅವಳ ದನಿ ಗಟ್ಟಿಯಾಗಿತ್ತು. ಅವಳಿಗೆ ಆಟಕ್ಕಿಂತ ಅದು ದೊಡ್ಡದು, ನನಗೂ ಗೊತ್ತು. ನಮ್ಮ ಮನೆಯಲ್ಲೂ ಬಂದವರಿಗೆ ಹೊಸ ಚಾದರ, ನಮಗೆ ತೇಪೆ ಹಾಕಿದ್ದು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಕುಮಟೆಯವಳು ಅವಳೊಡನೆ ಒಂದು ಪಂದ್ಯ ಆಡಿದಳು. ದೊಡ್ಡಮ್ಮ ಮತ್ತೆ ತಡವಾಗಿ ಒದ್ದಳು, ಮತ್ತೆ ಸೋತಳು. ಕುಮಟೆಯವಳು ತನ್ನ ರಿಮೋಟನ್ನು ಸೋಫಾದ ಮೇಲೆ ಎಸೆದು ಎದ್ದು ನಿಂತಳು.

"ನೀನು ಅದನ್ನೇ ಹಿಡಿದು ಕೂರುದಾದ್ರೆ ನಾವು ಇನ್ನು ಬರುದೇ ಇಲ್ಲ. ಹೋಗ್ವ ನಡಿ" ಎಂದು ನನ್ನ ಕಡೆ ತಿರುಗಿದಳು.

ನಾನು ಏಳಲೂ ಇಲ್ಲ, ಕೂರಲೂ ಇಲ್ಲ. ಭಟ್ಕಳದವಳು ಅಡುಗೆಮನೆಗೆ ಹೋದಳು. ಒಳಗೆ ಅವಳು ಅಮ್ಮನೊಡನೆ ನವಾಯತಿಯಲ್ಲಿ ಜೋರಾಗಿ ಮಾತಾಡುವುದು ಕೇಳಿಸಿತು, ಅಳುತ್ತಿದ್ದಾಳೋ ಎಂದು ನನಗೆ ಭಯವಾಯಿತು. ಆಮೇಲೆ ಅಮ್ಮನ ದನಿ, ನಿಧಾನವಾಗಿ, ಉದ್ದಕ್ಕೆ. ಕೊನೆಯಲ್ಲಿ ಅಮ್ಮ ನಕ್ಕರು. ನವಾಯತಿ ಕೊಂಕಣಿಗೆ ಹತ್ತಿರ, ಕುಮಟೆಯವಳಿಗೆ ಅರ್ಧದಷ್ಟು ಅರ್ಥವಾಗುತ್ತದೆ. ಅವಳು ಕಿವಿಗೊಟ್ಟು ಕೇಳುತ್ತಿದ್ದವಳು ಮೆಲ್ಲಗೆ ಮತ್ತೆ ಸೋಫಾದ ಮೇಲೆ ಕೂತಳು. ಎಂತ ಹೇಳಿದ್ರು ಎಂದು ನಾನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಗೆಳತಿ ಹೊರಗೆ ಬಂದಳು. ನೇರವಾಗಿ ನನ್ನ ಎದುರು ಬಂದು ನಿಂತು, ನನ್ನ ಕೈಯಿಂದ ಹೊಸ ರಿಮೋಟನ್ನು ಕಿತ್ತುಕೊಂಡಳು. ಹಳೆಯದನ್ನು ನನ್ನ ಮಡಿಲಿಗೆ ಹಾಕಿದಳು.

"ಎಷ್ಟು ಕಾಲ ಆತು ಈ ಮನೆಗೆ ಬರುಕೆ ಹಿಡಿದು?" ಎಂದಳು. "ಇನ್ನೂ ಎಂತ ನೆಂಟಳಾ ನೀನು?"

ನಾನು ಮಡಿಲಿನದನ್ನು ಎತ್ತಿಕೊಂಡೆ. ಹಳೆಯ ರಿಮೋಟಿನ ಅಂಚು ಸವೆದು ನುಣುಪಾಗಿತ್ತು, ಒದೆಯುವ ಗುಂಡಿ ಒಳಗೆ ಕುಸಿದಿತ್ತು. ನಾನು ಗಿರಣಿಯನ್ನು ಆರಿಸಿದೆ, ಅವಳು ದೊಡ್ಡಮ್ಮನನ್ನು. ಆ ಗುಂಡಿಯನ್ನು ಎಷ್ಟು ಅಮುಕಿದರೂ ನನ್ನ ಗಿರಣಿಯ ಕಾಲು ಮೇಲೇಳಲಿಲ್ಲ. ದೊಡ್ಡಮ್ಮ ಅವನನ್ನು ಪರದೆಯ ಈ ತುದಿಯಿಂದ ಆ ತುದಿಗೆ ಒದ್ದಳು, ಆ ತುದಿಯಿಂದ ಈ ತುದಿಗೆ ಒದ್ದಳು. ಗೆಳತಿ ನಗುತ್ತ ನಗುತ್ತ ನನ್ನ ಮೇಲೆ ಒರಗಿದಳು. ಸಂಜೆಯ ತನಕ ನಾನು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಅಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿಲ್ಲ.

ಚಹಾ ಆಯಿತೆಂದು ಅಮ್ಮ ಒಳಗಿನಿಂದ ಕೂಗಿದರು. ಯಾವಾಗಲೂ ಎದ್ದು ಓಡುವ ಗೆಳತಿ ಈ ಸಲ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೋಗಿ ಎಲ್ಲರಿಗೂ ಚಾ ತಕೊಂಡು ಬಾ" ಎಂದಳು ನನಗೆ.

ನಾನು ಎದ್ದು ಅಡುಗೆಮನೆಗೆ ಹೋದೆ.